ಇಪ್ಪತ್ತೊಂದು ವಾಕ್ಯದ ಒಪ್ಪಿಗೆ

ನಮ್ಮ ಆಸ್ಪತ್ರೆಗೆ ಅರಿವುಮಾಪಕ ಬಂದ ದಿನ ಅದಕ್ಕೆ ಹಾರ ಹಾಕಿ, ಕುಂಕುಮ ಇಟ್ಟು, ನಿಂಬೆಹಣ್ಣು ಹೆಚ್ಚಿ ಪೂಜೆ ಮಾಡಿದವನು ನಾನೇ. ಯಂತ್ರವನ್ನು ನಂಬುವುದು ನನ್ನ ಹುಟ್ಟುಗುಣ. ಗಡಿಯಾರ ಹತ್ತು ಅಂದರೆ ಹತ್ತು, ತಕ್ಕಡಿ ಒಂದು ಕೆಜಿ ಅಂದರೆ ಒಂದು ಕೆಜಿ. ಮನುಷ್ಯರು ಏನು ಬೇಕಾದರೂ ಹೇಳಿಕೊಳ್ಳಲಿ. ಆ ನಂಬಿಕೆ ನನ್ನ ಮನೆಯನ್ನೇ ಮುಳುಗಿಸಲು ಹೊರಟಿತ್ತು. ಒಬ್ಬ ಬಸ್ ಕಂಡಕ್ಟರ್ ದಡ ಹತ್ತಿಸಿದ. ಈಗ ಎಲ್ಲ ಸರಿಹೋಗಿದೆ, ಅದಕ್ಕೇ ಆರಾಮಾಗಿ ಕೂತು ಹೇಳುತ್ತಿದ್ದೇನೆ. ಆಗ ನನಗೆ ಊಟ ಕೂಡ ಸೇರುತ್ತಿರಲಿಲ್ಲ.

ನಾನು ಹಾಲಸ್ವಾಮಿ. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯಲ್ಲಿರುವ ಒಂದು ಮನೋರೋಗ ಆಸ್ಪತ್ರೆಯಲ್ಲಿ ಟೆಕ್ನಿಷಿಯನ್. ನಮ್ಮಲ್ಲಿಗೆ ತಾವಾಗಿಯೇ ಬಂದು ಸೇರುವವರಿಗೆ ಒಂದು ಒಪ್ಪಿಗೆ ಪತ್ರವಿದೆ. ಏನು ಚಿಕಿತ್ಸೆ ಕೊಡುತ್ತಾರೆ, ಮಾತ್ರೆಯಿಂದ ಏನೇನು ತೊಂದರೆಯಾಗಬಹುದು, ಬೇಡವೆನಿಸಿದರೆ ಹೊರಟುಹೋಗುವುದು ಹೇಗೆ, ಎಲ್ಲ ಸೇರಿ ಇಪ್ಪತ್ತೊಂದು ವಾಕ್ಯ. ಹಿಂದೆ ಇದನ್ನು ಡಾಕ್ಟರೇ ಓದಿ, ಅರ್ಥವಾಯಿತಾ ಎಂದು ಕೇಳುತ್ತಿದ್ದರು. ಬಂದವರು ಹೂಂ ಎನ್ನುತ್ತಿದ್ದರು. ಆ ಹೂಂ ನಿಜವಾದ ಹೂಂ ಹೌದೋ ಅಲ್ಲವೋ ಎಂಬುದರ ಮೇಲೇ ಜಗಳವೆಲ್ಲ. ಏನೂ ತಿಳಿಯದೆ ಹೂಂಗುಟ್ಟಿದವರನ್ನು ತಿಂಗಳುಗಟ್ಟಲೆ ಒಳಗಿಟ್ಟದ್ದೂ ಉಂಟು, ಎಲ್ಲ ತಿಳಿದವರ ಮಾತನ್ನು ಹುಚ್ಚರ ಮಾತೆಂದು ತಳ್ಳಿಹಾಕಿದ್ದೂ ಉಂಟು. ಈ ಜಗಳ ತೀರಿಸಲು ಬಂದದ್ದೇ ಅರಿವುಮಾಪಕ.

ನೋಡಲು ಅದೊಂದು ಹಣೆಗೆ ಕಟ್ಟುವ ಪಟ್ಟಿ, ಅದಕ್ಕೆ ಜೋಡಿಸಿದ ಪರದೆ, ದೀಪ ಇರುವ ಒಂದು ಪೆಟ್ಟಿಗೆ, ಅಷ್ಟೇ. ಹೊಸದೊಂದು ಮಾತು ಕಿವಿಗೆ ಬಿದ್ದು ಅರ್ಥವಾಗುವಾಗ ಅರ್ಧ ಸೆಕೆಂಡಿನೊಳಗೆ ತಲೆಯಲ್ಲಿ ವಿದ್ಯುತ್ತಿನ ಒಂದು ಸಣ್ಣ ಅಲೆ ಏಳುತ್ತದೆ. ಗೊತ್ತಿಲ್ಲದ ಭಾಷೆಯಾದರೆ ಏಳುವುದಿಲ್ಲ. ಮನಸ್ಸು ಬೇರೆಲ್ಲೋ ಇದ್ದರೂ ಏಳುವುದಿಲ್ಲ. ರೆಕಾರ್ಡಿನ ದನಿ ಇಪ್ಪತ್ತೊಂದು ವಾಕ್ಯ ಓದುತ್ತಾ ಹೋದಂತೆ ಪಟ್ಟಿ ಅಲೆಗಳನ್ನು ಎಣಿಸುತ್ತದೆ. ಹದಿನೈದಾದರೆ ಹಸಿರು ದೀಪ. ಅಂಥವರು ತಮ್ಮ ಸಹಿ ತಾವೇ ಹಾಕಬಹುದು, ಹೋಗುತ್ತೇನೆಂದ ದಿನ ಹೋಗಬಹುದು. ಹದಿನೈದಕ್ಕೆ ಕಡಿಮೆಯಾದರೆ ಕೆಂಪು. ಆಗ ಮನೆಯವರಲ್ಲೊಬ್ಬರು ಸಹಿ ಹಾಕಬೇಕು. ಹೊರಗೆ ಕರೆದುಕೊಂಡು ಹೋಗುವುದೂ ಅವರ ಕೈಯಲ್ಲೇ. ಇದು ನಿಯಮ.

ಕಂಪನಿಯವರು ಕಳಿಸಿದ ರೆಕಾರ್ಡು ಮಹಾ ಗ್ರಾಂಥಿಕವಾಗಿತ್ತು. 'ದಾಖಲಾದ ವ್ಯಕ್ತಿಯು ಬಿಡುಗಡೆ ಕೋರುವ ಹಕ್ಕನ್ನು ಹೊಂದಿರುತ್ತಾರೆ' ಎಂದು ಯಾರೋ ರೇಡಿಯೋದಲ್ಲಿ ವಾರ್ತೆ ಓದಿದಂತೆ ಓದಿದ್ದರು. ಜಗಳೂರಿನಿಂದ ಬಂದ ಮುದುಕಿಯರು ಕಣ್ಣು ಪಿಳಿಪಿಳಿ ಬಿಡುತ್ತಾ ಕೂರುತ್ತಿದ್ದರು, ದೀಪ ಕೆಂಪಾಗುತ್ತಿತ್ತು. ನಮ್ಮ ಮುಖ್ಯ ವೈದ್ಯೆ ಡಾಕ್ಟರ್ ರುಬೀನಾ ಸವಣೂರು ಇದನ್ನು ನೋಡಿ, ಜನರು ಆಡುವ ಮಾತಿನಲ್ಲಿ ಯಾರಾದರೂ ಓದಿಕೊಡಬಾರದೇ ಎಂದರು. ನಾನು ತಕ್ಷಣ ನನ್ನ ಹೆಂಡತಿಯ ಹೆಸರು ಹೇಳಿದೆ.

ಸರ್ವಮಂಗಳ ಅಂಗನವಾಡಿ ಟೀಚರು. ಇಪ್ಪತ್ತು ವರ್ಷ ಮಕ್ಕಳಿಗೆ ಹಾಡು ಹೇಳಿಕೊಟ್ಟ ಗಂಟಲು, ಬಸುರಿಯರಿಗೆ ಮಾತ್ರೆಯ ವಿಷಯ ತಿಳಿಹೇಳಿದ ನಾಲಿಗೆ. ನಮ್ಮ ಅಡಿಗೆಮನೆಯಲ್ಲೇ ರೆಕಾರ್ಡು ಮಾಡಿದೆವು. ಕುಕ್ಕರ್ ಕೂಗಿದ್ದಕ್ಕೆ ಒಂದು ಸಲ, ನಾನು ಪಕ್ಕದಲ್ಲಿ ಕೂತು ಮಂಡಕ್ಕಿ ಅಗಿದದ್ದಕ್ಕೆ ಎರಡು ಸಲ, ಹೀಗೆ ಎಂಟು ಭಾನುವಾರ ಅವಳು ಅದನ್ನೇ ಓದಿದಳು. ಹದಿನೇಳನೆಯ ವಾಕ್ಯಕ್ಕೆ ಮಾತ್ರ ಅವಳಿಗೆ ಸಮಾಧಾನವೇ ಆಗಲಿಲ್ಲ. ಹಕ್ಕು ಕೋರುವುದು ಅಂದರೆ ಯಾರಿಗೆ ತಿಳಿಯುತ್ತದೆ ಎಂದು ತಾನೇ ತಿದ್ದಿ ಬರೆದಳು: 'ಮನೆಗೆ ಹೋಗ್ತೀನಿ ಅಂತ ನೀವು ಅಂದ್ರೆ, ಯಾಕೆ ಅಂತ ಕೇಳ್ತೀವಿ. ಆದ್ರೆ ಹಿಡ್ಕಂಡು ಕೂರಿಸಲ್ಲ.'

ಅದಕ್ಕೆ ಕಾರಣವಿತ್ತು. ಅವಳು ಎಂಟು ವರ್ಷದವಳಿದ್ದಾಗ ಅವಳ ದೊಡ್ಡಮ್ಮನನ್ನು ಮದುವೆಗೆ ಸೀರೆ ತರೋಣ ಬಾ ಎಂದು ನಂಬಿಸಿ, ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ದೂರದ ಊರಿನ ಆಸ್ಪತ್ರೆಯೊಂದರಲ್ಲಿ ಬಿಟ್ಟು ಬಂದಿದ್ದರು. ಮಂಗಳ ಅದೇ ಕಾರಿನಲ್ಲಿದ್ದಳು. ಯಾವ ಬಣ್ಣ ತಗೊಳ್ಳಲಿ ಎಂದು ದೊಡ್ಡಮ್ಮ ದಾರಿಯುದ್ದಕ್ಕೂ ಅವಳನ್ನೇ ಕೇಳುತ್ತಿದ್ದಳಂತೆ. ಇವಳು ಬದನೆಕಾಯಿ ಬಣ್ಣ ಎಂದಿದ್ದಳಂತೆ. ಆಸ್ಪತ್ರೆಯಲ್ಲಿ ಸಹಿ ಹಾಕಿದವರು ದೊಡ್ಡಪ್ಪ. ದೊಡ್ಡಮ್ಮನನ್ನು ಯಾರೂ ಏನೂ ಕೇಳಲಿಲ್ಲ, ಆಕೆ ವಾಪಸ್ಸು ಬರಲೂ ಇಲ್ಲ.

ರೆಕಾರ್ಡು ಬದಲಾದ ಮೇಲೆ ನಮ್ಮಲ್ಲಿ ಹಸಿರು ದೀಪಗಳು ಹೆಚ್ಚಿದವು. ನಾಲ್ಕು ವರ್ಷ ದಿನಾ ನನ್ನ ಹೆಂಡತಿಯ ದನಿ ಕೇಳುತ್ತಾ ಕೆಲಸ ಮಾಡಿದೆ. ಮನೆಯಲ್ಲೂ ಅದೇ, ಇಲ್ಲೂ ಅದೇ ಎಂದು ನರ್ಸುಗಳು ಚೇಷ್ಟೆ ಮಾಡುತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆ.

ಹೋದ ಮಾಘದಿಂದ ಮಂಗಳ ಮಂಕಾದಳು. ಇದೇ ಕಾರಣ ಎಂದು ಹೇಳುವ ಹಾಗೆ ಏನೂ ನಡೆದಿರಲಿಲ್ಲ. ಮೊದಲು ಅಂಗನವಾಡಿಯಲ್ಲಿ ಹಾಡು ನಿಂತಿತು. ಆಮೇಲೆ ಸಾರಿಗೆ ಉಪ್ಪು ಬೀಳುವುದು ನಿಂತಿತು. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತುಬಿಡುತ್ತಿದ್ದಳು. ನಾನು ಆಯಾಸವಿರಬೇಕು ಅಂದುಕೊಂಡೆ. ದಿನವೂ ಮನೋರೋಗಿಗಳ ಮಧ್ಯೆ ಇರುವವನಿಗೆ ಮನೆಯದು ಕಾಣಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಅವಳೇ ಬಾಗಿಲಲ್ಲಿ ನಿಂತು ಹೇಳಿದಳು.

"ರೀ, ನನ್ ಮೇಲೆ ನನಗೇ ನಂಬಿಕೆ ಹೋಗೈತೆ. ಚಾನಲ್ ನೀರಿನ ಕಡೆ ನಡ್ಕಂಡು ಹೋದ್ರೆ ವಾಪಸ್ ಬರ್ತೀನೋ ಇಲ್ವೋ ಅನ್ನಂಗಾಗೈತೆ. ನಿಮ್ ಆಸ್ಪತ್ರೆಗೆ ಸೇರ್ಕಂತೀನಿ. ಆದ್ರೆ ಸೈನು ನಾನೇ ಹಾಕ್ತೀನಿ. ನಮ್ ದೊಡ್ಡಮ್ಮನಂಗೆ ಆಗಬಾರ್ದು."

ಅಷ್ಟು ಹೇಳಲು ಅವಳಿಗೆ ಎಷ್ಟು ಶಕ್ತಿ ಬೇಕಾಯಿತೋ. ನಾನು ಅವಳ ಕೈ ಹಿಡಿದುಕೊಂಡು ಹಾಗೇ ಆಗಲಿ ಎಂದೆ, ನೀನೇ ಹಾಕುವೆಯಂತೆ ಎಂದು ಮಾತು ಕೊಟ್ಟೆ. ಅದೇ ದಿನ ಕರೆದುಕೊಂಡು ಹೋದೆ.

ಡಾಕ್ಟರ್ ರುಬೀನಾ ಅವಳ ಜೊತೆ ಮುಕ್ಕಾಲು ಗಂಟೆ ಮಾತಾಡಿದರು. ಹೊರಗೆ ಬಂದು, ಕಾಯಿಲೆ ಗಟ್ಟಿಯಾಗಿಯೇ ಹಿಡಿದಿದೆ, ಆದರೆ ತನಗೇನಾಗಿದೆ, ಏನು ಬೇಕು ಎಂಬುದು ಅವರಿಗೆ ಸ್ಪಷ್ಟವಾಗಿದೆ, ಸೇರಿಸಿಕೊಳ್ಳೋಣ ಎಂದರು. ಪಟ್ಟಿ ಕಟ್ಟುವುದು ಬರೀ ಶಾಸ್ತ್ರ ಅಂದುಕೊಂಡೆವು. ನಾನು ಗಂಡನಾದ್ದರಿಂದ ಯಂತ್ರ ಮುಟ್ಟುವಂತಿಲ್ಲ. ಡಾಕ್ಟರೇ ಗುಂಡಿ ಒತ್ತಿದರು. ನಾನು ಬಟ್ಟೆ ಪರದೆಯ ಹಿಂದೆ ನಿಂತು ಸಂದಿಯಿಂದ ನೋಡಿದೆ. ಮಂಗಳಳ ದನಿ ಶುರುವಾಯಿತು, ಮಂಗಳ ಕಣ್ಣು ಮುಚ್ಚಿ ಕೂತಿದ್ದಳು.

ಯಂತ್ರದ ಪರದೆಯಲ್ಲಿ ಅಲೆ ತೋರಿಸುವ ಗೆರೆ ಅಲ್ಲಾಡಲಿಲ್ಲ. ಮೊದಲನೆಯ ವಾಕ್ಯ ಹೋಯಿತು, ಐದನೆಯದು ಹೋಯಿತು, ಹದಿನೇಳನೆಯದೂ ಹೋಯಿತು. ಕೊನೆಗೆ ಲೆಕ್ಕ ಬಂದದ್ದು ಇಪ್ಪತ್ತೊಂದಕ್ಕೆ ನಾಲ್ಕು. ಕೆಂಪು ದೀಪ ಹತ್ತಿತು.

ಪಟ್ಟಿ ಬಿಚ್ಚುವಾಗ ಮಂಗಳ ಮೆಲ್ಲಗೆ, ಇದು ನನಗೇನೂ ಹೊಸದು ಹೇಳಲಿಲ್ಲ ಎಂದಳು. ಡಾಕ್ಟರು ನನ್ನ ಮುಖ ನೋಡಿದರು. ಕೆಂಪು ಬಂದ ಮೇಲೆ ಅವರ ಕೈಯೂ ಕಟ್ಟಿಹೋಯಿತು. ಈಗಲೇ ಸೇರಿಸಬೇಕಾದರೆ ಮನೆಯವರ ಸಹಿ ಬೇಕು. ಇಲ್ಲವಾದರೆ ಮೂರು ದಿನದೊಳಗೆ ಇನ್ನೊಂದು ಸಲ ಪರೀಕ್ಷೆ. ಎರಡನೆಯ ಸಲವೂ ಕೆಂಪಾದರೆ ಆರು ತಿಂಗಳು ಅವಳ ಸಹಿ ಯಾವ ಆಸ್ಪತ್ರೆಯಲ್ಲೂ ನಡೆಯುವುದಿಲ್ಲ.

ನಾನು ಆಗ ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಅವಳ ಮಾತನ್ನು ನಂಬಲಿಲ್ಲ, ದೀಪವನ್ನು ನಂಬಿದೆ. ಬುದ್ಧಿ ಅಷ್ಟು ದೂರ ಹೋಗಿಬಿಟ್ಟಿದೆಯಲ್ಲ ಎಂದು ಎದೆ ಒಡೆಯಿತು. ನನ್ನ ಜೇಬಿನಲ್ಲಿ ಒಂದು ನೀಲಿ ಪೆನ್ನು ಯಾವಾಗಲೂ ಇರುತ್ತದೆ. ಅದನ್ನು ತೆಗೆದು ಫಾರಂ ಎಳೆದುಕೊಂಡೆ. ಹೇಗಾದರೂ ಒಳಗೆ ಸೇರಿದರೆ ಸಾಕು, ಜೀವ ಉಳಿದರೆ ಸಾಕು ಎಂಬ ಯೋಚನೆ. ಮಂಗಳ ಪೆನ್ನು ನೋಡಿದಳು.

"ನೀವೂ ಕಾರ್ ತಂದ್ರೇನ್ರಿ?" ಎಂದಳು.

ಕಿರುಚಲಿಲ್ಲ, ಅಳಲಿಲ್ಲ. ಸೆರಗು ಹೊದ್ದುಕೊಂಡು ಎದ್ದು ಆಟೋ ಸ್ಟ್ಯಾಂಡಿನ ಕಡೆ ನಡೆದಳು. ನಾನು ಪೆನ್ನು ಜೇಬಿಗೆ ಹಾಕಿಕೊಂಡು ಹಿಂದೆ ಓಡಿದೆ.

ಮನೆಯಲ್ಲಿ ಅವಳು ನನ್ನ ಜೊತೆ ಮಾತು ಬಿಟ್ಟಳು. ಕಾಯಿಲೆಯ ಮೌನ ಬೇರೆ, ಈ ಮೌನ ಬೇರೆ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವನಿಗೆ ಅಷ್ಟು ಗೊತ್ತಾಗುತ್ತದೆ. ನಾನು ರಜೆ ಹಾಕಿ ಅವಳ ನೆರಳಾಗಿ ತಿರುಗಿದೆ. ಸ್ನಾನಕ್ಕೆ ಹೋದರೆ ಬಾಗಿಲಾಚೆ ಕೂತು ಕೆಮ್ಮಿದೆ, ಒಳಗಿಂದ ಅವಳೂ ಒಂದು ಸಲ ಕೆಮ್ಮಲಿ ಎಂದು. ಕೆಮ್ಮಿದಳು. ಅಷ್ಟರಮಟ್ಟಿಗೆ ನನ್ನ ಮೇಲೆ ಕರುಣೆ ಇತ್ತು.

ಎರಡನೆಯ ದಿನ ಆಸ್ಪತ್ರೆಯಿಂದ ಫೋನು ಬಂತು. ಯಂತ್ರದ ಬ್ಯಾಟರಿ ಕೈಕೊಟ್ಟಿದೆ, ಒಂದು ಗಂಟೆ ಬಂದು ಹೋಗಿ ಎಂದರು. ಅಂಗನವಾಡಿಯ ಸಹಾಯಕಿ ಗಂಗಮ್ಮನನ್ನು ಮಂಗಳಳ ಪಕ್ಕ ಕೂರಿಸಿ, ಒಂದು ಚಣವೂ ಬಿಟ್ಟು ಏಳಬೇಡ ಎಂದು ಕೈಮುಗಿದು ಹೋದೆ.

ಅಲ್ಲಿ ಮಲ್ಲೇಶಪ್ಪ ಕೂತಿದ್ದ. ನಿವೃತ್ತ ಬಸ್ ಕಂಡಕ್ಟರು, ನಮ್ಮ ಹಳೆಯ ಗಿರಾಕಿ. ಅವನಿಗೆ ವರ್ಷಕ್ಕೊಂದು ಸಲ ತಲೆ ಹಿಡಿತ ತಪ್ಪಿ ಓಡತೊಡಗುತ್ತದೆ, ನಿದ್ದೆ ಬಿಡುತ್ತದೆ. ಶುರುವಾಗುತ್ತಿದೆ ಎನಿಸಿದ ಕೂಡಲೇ ತಾನೇ ಬಂದು ಸೇರುವ ಜಾಣ. ಬ್ರೇಕು ಸಡಿಲ ಆದ ಗಾಡಿ ರೋಡಲ್ಲಿ ಇರಬಾರದು, ಡಿಪೋದಲ್ಲಿರಬೇಕು ಎನ್ನುತ್ತಾನೆ. ಇದು ಐದನೆಯ ಸಲ. ಮೊದಲೆರಡು ಸಲ ಹಸಿರು ಬಂದಿತ್ತು, ಆಮೇಲೆ ಬರೀ ಕೆಂಪು. ಅವನ ಫೈಲಿನಲ್ಲಿ 'ತಿಳಿವು ವರ್ಷದಿಂದ ವರ್ಷಕ್ಕೆ ಕುಂದುತ್ತಿದೆ' ಎಂದು ಬರೆದಿತ್ತು. ಅವನ ಭಾವಮೈದುನ ಬಂದು ಸಹಿ ಹಾಕಿ ಹೋಗುತ್ತಿದ್ದ. ಗುಣವಾದ ಮೇಲೆ ಕರೆದುಕೊಂಡು ಹೋಗಲು ಮಾತ್ರ ಅವನಿಗೆ ಪುರುಸೊತ್ತಿರುತ್ತಿರಲಿಲ್ಲ. ಹೋದ ವರ್ಷ ಮಲ್ಲೇಶಪ್ಪ ಚೆನ್ನಾಗಿದ್ದೂ ಒಂದು ತಿಂಗಳು ಸುಮ್ಮನೆ ವಾರ್ಡಿನಲ್ಲಿ ಕೂತಿದ್ದ.

ಬ್ಯಾಟರಿ ಬದಲಾಯಿಸಿ ಅವನಿಗೆ ಪಟ್ಟಿ ಕಟ್ಟಿದೆ. ರೆಕಾರ್ಡು ಶುರುವಾಯಿತು. ಮಲ್ಲೇಶಪ್ಪ ಎಂದಿನಂತೆ ಮಂಗಳಳ ದನಿಯ ಜೊತೆಗೇ ತುಟಿ ಆಡಿಸತೊಡಗಿದ. ಅವನಿಗೆ ಇಪ್ಪತ್ತೊಂದೂ ಬಾಯಿಪಾಠ, ದಾರಿಯ ಊರುಗಳ ಹೆಸರಿನಷ್ಟೇ ಪಾಠ. ಗೆರೆ ಅಲ್ಲಾಡುತ್ತಿರಲಿಲ್ಲ. ಅಷ್ಟರಲ್ಲಿ ಕರೆಂಟು ಹೋಗಿ ಬಂತು. ಹೊಸ ಬ್ಯಾಟರಿ ಹಿಡಿಯುವ ಮೊದಲು ರೆಕಾರ್ಡು ಒಂದು ಗುಟುಕು ನುಂಗಿ, ಒಂಬತ್ತನೆಯ ವಾಕ್ಯದಿಂದ ನೆಟ್ಟಗೆ ಹನ್ನೆರಡಕ್ಕೆ ಹಾರಿತು.

ಪರದೆಯ ಮೇಲೆ ಗೆರೆ ಚಂಗನೆ ಎದ್ದಿತು. ಅಷ್ಟು ದೊಡ್ಡ ಅಲೆಯನ್ನು ನಾನು ನಾಲ್ಕು ವರ್ಷದಲ್ಲಿ ನೋಡಿರಲಿಲ್ಲ.

"ಎರಡು ಸ್ಟಾಪು ಬಿಟ್ಬಿಟ್ರಲ್ರೀ," ಎಂದ ಮಲ್ಲೇಶಪ್ಪ. "ಬಾಯಿ ಒಣಗ್ತೈತೆ ಅನ್ನೋದು ಹತ್ತು, ತೂಕ ಜಾಸ್ತಿ ಆಗ್ತೈತೆ ಅನ್ನೋದು ಹನ್ನೊಂದು. ಅದನ್ನ ಹೇಳ್ದಲೇ ಸೈನು ಹಾಕಿಸ್ಕಂಡ್ರೆ ನಾಳೆ ನಿಮ್ ಮೇಲೇ ಕೇಸಾಗ್ತೈತೆ."

ಮಾಪಕದ ಪ್ರಕಾರ ಏನೂ ತಿಳಿಯದ ಮನುಷ್ಯ, ಯಾವ ಎರಡು ವಾಕ್ಯ ತಪ್ಪಿತು, ಅದು ತಪ್ಪಿದರೆ ಏನಾಗುತ್ತದೆ ಎಂದು ನನಗೇ ಪಾಠ ಹೇಳುತ್ತಿದ್ದ. ಪರೀಕ್ಷೆ ಮುಂದುವರಿಯಿತು. ರೆಕಾರ್ಡು ಸರಿಯಾದ ದಾರಿಗೆ ಬಿದ್ದ ಕೂಡಲೇ ಗೆರೆ ಮತ್ತೆ ಮಲಗಿತು. ಕೆಂಪು ದೀಪ.

ಮಲ್ಲೇಶಪ್ಪನ ಹಣೆಯಿಂದ ಪಟ್ಟಿ ಬಿಚ್ಚಿ ನನ್ನ ಹಣೆಗೆ ಕಟ್ಟಿಕೊಂಡೆ, ಅವನ ಕೈಯಲ್ಲೇ ಗುಂಡಿ ಒತ್ತಿಸಿದೆ. ಇಪ್ಪತ್ತೊಂದಕ್ಕೆ ಮೂರು. ಯಂತ್ರದ ಪ್ರಕಾರ ನನಗೆ ನನ್ನ ಹೆಂಡತಿಗಿಂತಲೂ ಬುದ್ಧಿ ಕಡಿಮೆ. ಇದು ಒಂದು ಲೆಕ್ಕಕ್ಕೆ ನಿಜವೂ ಹೌದು. ನಿಮ್ಮ ಭಾವಮೈದುನನ್ನ ಕರೆಸಲಾ ಎಂದು ಮಲ್ಲೇಶಪ್ಪ ಕೇಳಿದ.

ಡಾಕ್ಟರ್ ರುಬೀನಾ ಅವರನ್ನು ಊಟದ ಡಬ್ಬಿಯಿಂದ ಎಬ್ಬಿಸಿಕೊಂಡು ಬಂದೆ. ವಿಷಯ ಕೇಳಿ ಅವರೂ ಪಟ್ಟಿ ಕಟ್ಟಿಕೊಂಡರು. ಅವರಿಗೆ ಐದು ಬಂತು. ಆ ಕೆಂಪು ದೀಪ ನೋಡುತ್ತಾ ಮೊದಲು ನಕ್ಕರು, ಆಮೇಲೆ ನಗು ನಿಂತುಹೋಯಿತು. ಮಗ್ಗಿಯ ಹಾಗೆ, ಎಂದರು. ಎರಡೊಂದ್ಲ ಎರಡು ಅಂದರೆ ಯಾರ ತಲೆಯಲ್ಲೂ ಏನೂ ಅಲ್ಲಾಡುವುದಿಲ್ಲ. ಎರಡೊಂದ್ಲ ಒಂಬತ್ತು ಅಂದು ನೋಡಿ, ತಲೆ ಎದ್ದು ಕೂರುತ್ತದೆ. ಮಾಪಕ ಅಳೆಯುವುದು ಮಾತು ಹೊಸದಾಗಿ ತಿಳಿಯುವುದನ್ನು. ಮೊದಲೇ ತಿಳಿದದ್ದು ಅದರ ಕಣ್ಣಿಗೆ ಬೀಳುವುದಿಲ್ಲ. ಅದರ ಮೇಲೆ ಮಂಗಳ ಅವರಿಗೆ ಕೇಳಿಸಿದ್ದು ತಮ್ಮದೇ ದನಿ. ತನ್ನ ದನಿಗೆ ಮನುಷ್ಯನ ತಲೆ ಕಿವಿಗೊಡುವುದೇ ಕಡಿಮೆ ಎಂದರು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಅವಳು ಅವತ್ತೇ ಹೇಳಿದ್ದಳು, ಇದು ನನಗೇನೂ ಹೊಸದು ಹೇಳಲಿಲ್ಲ ಎಂದು. ಹಿತ್ತಲ ಗಿಡ ಮದ್ದಲ್ಲ, ಹೆಂಡತಿಯ ಮಾತು ಮಾತಲ್ಲ. ನಾನು ಅದನ್ನು ಕಾಯಿಲೆಯ ಬಡಬಡಿಕೆ ಅಂದುಕೊಂಡಿದ್ದೆ.

ಸಂಜೆಯವರೆಗೂ ಇರು ಎಂದು ಗಂಗಮ್ಮನಿಗೆ ಫೋನು ಮಾಡಿ, ಆ ಮಧ್ಯಾಹ್ನ ಡಾಕ್ಟರೂ ನಾನೂ ಹಳೆಯ ಫೈಲುಗಳನ್ನು ತೆಗೆದೆವು. ಮೂರನೆಯ ಸಲ, ನಾಲ್ಕನೆಯ ಸಲ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಜನಕ್ಕೆ ಕೆಂಪು. ತಮ್ಮ ಕಾಯಿಲೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು, ಒಪ್ಪಿಗೆ ಪತ್ರವನ್ನು ಬಾಯಿಪಾಠ ಬಲ್ಲವರು, ಅಂಥವರ ಸಹಿಯನ್ನೇ ನಾವು ಕಿತ್ತುಕೊಂಡಿದ್ದೆವು. ನೂರ ಹನ್ನೆರಡು ಹೆಸರುಗಳಿದ್ದವು. ನಾನು ಪೂಜೆ ಮಾಡಿದ ಯಂತ್ರ, ನಾನು ಮಾಡಿದ ರೆಕಾರ್ಡು.

ಡಾಕ್ಟರು ನಿಯಮದ ಪುಸ್ತಕ ತೆಗೆದು ಸಾಲು ಸಾಲಾಗಿ ಓದಿದರು. ಇಪ್ಪತ್ತೊಂದು ಸಂಗತಿಗಳನ್ನು ವ್ಯಕ್ತಿಗೆ ತಿಳಿಯುವಂತೆ ಹೇಳಬೇಕು ಎಂದಿತ್ತೇ ಹೊರತು ರೆಕಾರ್ಡಿನಿಂದಲೇ ಹೇಳಬೇಕು ಎಂದು ಎಲ್ಲೂ ಇರಲಿಲ್ಲ. ಸುಲಭವೆಂದು ನಾವೇ ಮಾಡಿಕೊಂಡಿದ್ದ ರೂಢಿ ಅದು. ನಾಳೆ ನಾನೇ ಎದುರು ಕೂತು, ನನ್ನ ಮಾತಿನಲ್ಲಿ, ಹಿಂದುಮುಂದಾಗಿ ಹೇಳುತ್ತೇನೆ ಎಂದರು. ಆದರೆ ಒಂದು ಎಚ್ಚರಿಕೆಯನ್ನೂ ಕೊಟ್ಟರು. ಕಾಯಿಲೆ ಗಟ್ಟಿಯಾಗಿದ್ದಾಗ ಅಲೆಗಳೇ ಸಣ್ಣವಾಗಿರುತ್ತವೆ. ಹದಿನೈದು ಬರಬಹುದು, ಬರದೆಯೂ ಇರಬಹುದು.

ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಮನೆಗೆ ಹೋದೆ. ಮಂಗಳ ಮೆಟ್ಟಿಲ ಮೇಲಿದ್ದಳು, ಗಂಗಮ್ಮ ಅವಳ ಜಡೆ ಹೆಣೆಯುತ್ತಿದ್ದಳು. ನಾನು ಕೆಳಗಿನ ಮೆಟ್ಟಿಲಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದೆ. ನನಗೆ ಬಂದದ್ದು ಮೂರು ಅನ್ನುವುದನ್ನೂ ಹೇಳಿದೆ. ಆಮೇಲೆ, ಪೆನ್ನು ತೆಗೆದದ್ದು ತಪ್ಪಾಯಿತು, ಭಯವಾಗಿತ್ತು, ಆದರೂ ತಪ್ಪು ತಪ್ಪೇ ಎಂದೆ. ಅವಳು ಪೊಟ್ಟಣ ಬಿಚ್ಚಿದಳು. ನಾಲ್ಕು ಕಾಳು ಮಂಡಕ್ಕಿ ಬಾಯಿಗೆ ಹಾಕಿಕೊಂಡಳು. ಎರಡು ದಿನದಲ್ಲಿ ಅವಳು ತಾನಾಗಿ ತಿಂದದ್ದು ಅಷ್ಟೇ. ನಾಳೆ ಎಷ್ಟೊತ್ತಿಗೆ ಎಂದು ಕೇಳಿದಳು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಮೂರನೆಯ ದಿನ ಅವಳು ಬೀರು ಹುಡುಕಿ ಬದನೆಕಾಯಿ ಬಣ್ಣದ ಸೀರೆ ಉಟ್ಟಳು. ನಾನು ಕೂತು ನೆರಿಗೆ ಹಿಡಿದುಕೊಟ್ಟೆ.

ಡಾಕ್ಟರ್ ರುಬೀನಾ ಕುರ್ಚಿ ಎಳೆದುಕೊಂಡು ಅವಳ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ರೆಕಾರ್ಡಿನ ತಂತಿ ಬಿಚ್ಚಿಟ್ಟಿದ್ದೆ. ಅವರು ತಮ್ಮ ಹಾವೇರಿ ಕಡೆಯ ಮಾತಿನಲ್ಲಿ, ಮನೆಗೆ ಬಂದವರ ಜೊತೆ ಆಡುವಂತೆ, ಮೊದಲು ಮಾತ್ರೆಯ ವಿಷಯ ಎತ್ತಿದರು, ಆಮೇಲೆ ಊಟದ ವಿಷಯ, ಅಲ್ಲಿಂದ ಯಾರ್ಯಾರು ನೋಡಲು ಬರಬಹುದು ಎಂಬಲ್ಲಿಗೆ ಹೋದರು. ನಾನು ಬಟ್ಟೆ ಪರದೆಯ ಹಿಂದೆ ನಿಂತಿದ್ದೆ. ಮೊದಲನೆಯ ಮಾತಿಗೆ ಗೆರೆ ಅಲ್ಲಾಡಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದಕ್ಕೆ ಏಳಬೇಕೋ ಬೇಡವೋ ಎನ್ನುವಂತೆ ಒಂದು ಸಣ್ಣ ಉಬ್ಬು ಎದ್ದಿತು, ಯಂತ್ರ ಅದನ್ನು ಎಣಿಸಿತು. ನಾಲ್ಕನೆಯದು ಸ್ವಲ್ಪ ದೊಡ್ಡದು. ನನಗೆ ಗೊತ್ತಿದ್ದ ಎಲ್ಲ ದೇವರ ಹೆಸರನ್ನೂ ಒಂದು ಸುತ್ತು ಹೇಳಿಕೊಂಡೆ.

ಅಲೆಗಳ ಲೆಕ್ಕ ಹನ್ನೆರಡು ಆಗಿದ್ದಾಗ ಡಾಕ್ಟರು ಮನೆಗೆ ಹೋಗುವ ಮಾತು ತೆಗೆದರು. ನೀವು ಹೋಗುತ್ತೇನೆಂದರೆ ಕಳಿಸುತ್ತೇವೆ ಎಂದರು. ಮಂಗಳ ಕೈ ಎತ್ತಿ ತಡೆದಳು.

"ಒಂದು ಕೇಳ್ತೀನಿ ಡಾಕ್ಟ್ರಮ್ಮ. ನಾನು ಹೋಗ್ತೀನಿ ಅಂತೀನಲ್ಲ ಅವತ್ತು, ಹಂಗೆ ಅನ್ನೋದು ನಾನಾ, ನನ್ನ ಕಾಯಿಲೆನಾ? ನಿಮಗೆ ಹೆಂಗೆ ಗೊತ್ತಾಗುತ್ತೆ?"

ಇಪ್ಪತ್ತೊಂದು ವಾಕ್ಯಗಳಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಬರೆದವರಿಗೆ ಹೊಳೆದಿರಲಿಲ್ಲ, ಓದಿದವಳಿಗೂ ಆಗ ಹೊಳೆದಿರಲಿಲ್ಲ. ಡಾಕ್ಟರು ಒಂದು ಖಾಲಿ ಹಾಳೆ ಎಳೆದುಕೊಂಡರು.

"ನನಗ ಗೊತ್ತಾಗೂದಿಲ್ಲ," ಎಂದರು. "ಯಾವ ಯಂತ್ರಕ್ಕೂ ಗೊತ್ತಾಗೂದಿಲ್ಲ. ಅದಕ್ಕ ಇವತ್ತ ನೀವ ಹೇಳ್ರಿ. ಆ ದಿನಾ ನಾವು ಏನ್ ಮಾಡ್ಬೇಕು?"

ಮಂಗಳ ಯೋಚಿಸಿ, ತಡವರಿಸಿ, ಒಂದೊಂದೇ ಮಾತು ಹೇಳಿದಳು, ಡಾಕ್ಟರು ಬರೆದುಕೊಂಡರು. ನಾನು ಹೋಗುತ್ತೇನೆಂದರೆ ಒಂದು ದಿನ ಕಾಯಿರಿ. ಮಾರನೆಯ ದಿನ ಬೆಳಿಗ್ಗೆ ಕಾಫಿ ಕೊಟ್ಟು ಮತ್ತೆ ಕೇಳಿ. ಆಗಲೂ ಹೋಗುತ್ತೇನೆಂದರೆ ಬಿಡಿ. ಎರಡು ದಿನದಲ್ಲಿ ಎರಡು ಮಾತಾಡಿದರೆ ನನ್ನ ಗಂಡನನ್ನು ಕರೆಸಿ. ಅವರು ಮೊದಲು ನನ್ನ ಮಾತು ಪೂರ್ತಿ ಕೇಳಬೇಕು, ದೀಪ ಆಮೇಲೆ ನೋಡಬೇಕು.

ಕೊನೆಯ ಮಾತು ಹೇಳುವಾಗ ಅವಳು ಪರದೆಯ ಕಡೆ ತಿರುಗಿದಳು. ನಾನು ಅಲ್ಲಿದ್ದೇನೆಂದು ಅವಳಿಗೆ ಗೊತ್ತಿತ್ತು. ಕಣ್ಣು ಮಂಜಾಗಿ ನನಗೆ ಗೆರೆಯೇ ಕಾಣಲಿಲ್ಲ. ಒರೆಸಿಕೊಂಡು ನೋಡಿದರೆ ಡಾಕ್ಟರು ಉಳಿದ ಮಾತುಗಳನ್ನೂ ಮುಗಿಸಿದ್ದರು, ಲೆಕ್ಕ ಹದಿನಾರಕ್ಕೆ ನಿಂತಿತ್ತು. ಹಸಿರು. ಡಾಕ್ಟರು ಆ ಕಡೆ ನೋಡುವ ಮೊದಲೇ ಫಾರಮ್ಮಿನಲ್ಲಿ, ಇವರು ತಮ್ಮ ತೀರ್ಮಾನ ತಾವು ಮಾಡಬಲ್ಲರು ಎಂದು ಬರೆದಾಗಿತ್ತು.

ಮಂಗಳ ನನ್ನ ಕಡೆ ಕೈ ಚಾಚಿದಳು. ನಾನು ಜೇಬಿನಿಂದ ಅದೇ ನೀಲಿ ಪೆನ್ನು ತೆಗೆದು ಕೊಟ್ಟೆ. ಅವಳು ಅಂಗನವಾಡಿಯ ಹಾಜರಿ ಪುಸ್ತಕದಲ್ಲಿ ಬರೆಯುವಂತೆ ದುಂಡಗೆ, ಪೂರ್ತಿ ಹೆಸರು ಬರೆದಳು. ಪೆನ್ನು ವಾಪಸ್ಸು ಕೊಟ್ಟಳು.

"ಇದನ್ನ ಜೇಬಲ್ಲೇ ಇಟ್ಕಂಡಿರ್ರಿ," ಎಂದಳು. "ನಾನು ಕೇಳ್ದಾಗ ಕೊಡ್ರಿ."

ಅವಳು ವಾರ್ಡಿನೊಳಗೆ ಹೋದ ಮೇಲೆ ನಾನು ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು ಒಂದು ಹತ್ತು ನಿಮಿಷ ಗೊರಕೆ ಹೊಡೆದೆನಂತೆ. ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಎಬ್ಬಿಸಿದವನು ಮಲ್ಲೇಶಪ್ಪ. ಭಾವಮೈದುನ ಇನ್ನೂ ಸಹಿಗೆ ಬಂದಿರಲಿಲ್ಲ. ಮೊದಲ ಬಾರಿಗೆ ಅದರಿಂದ ಒಳ್ಳೆಯದೇ ಆಯಿತು. ಡಾಕ್ಟರು ಅವನ ಜೊತೆಗೂ ಎದುರು ಕೂತು ಮಾತಾಡಿದರು. ಅವನಿಗೆ ಹತ್ತೊಂಬತ್ತು ಬಂತು. ನನ್ನ ಟಿಕೆಟು ನಾನೇ ಹರಿದುಕೊಂಡೆ ಎಂದು ವಾರ್ಡಿನಲ್ಲೆಲ್ಲ ಹೇಳಿಕೊಂಡು ತಿರುಗಿದ. ಉಳಿದ ನೂರ ಹನ್ನೊಂದು ಜನಕ್ಕೂ ಮತ್ತೆ ಪರೀಕ್ಷೆಗೆ ಬನ್ನಿ ಎಂದು ಪತ್ರ ಹೋಯಿತು. ವಿಷಯ ಮೇಲಿನವರೆಗೆ ಮುಟ್ಟಿ, ಎರಡು ತಿಂಗಳಲ್ಲಿ ನಿಯಮ ತಿದ್ದುಪಡಿಯಾಯಿತು. ಈಗ ಎಲ್ಲಾ ಕಡೆ ಮನುಷ್ಯರೇ ಎದುರು ಕೂತು ಹೇಳಬೇಕು, ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕು. ಮಾಪಕ ಸಾಕ್ಷಿ ಮಾತ್ರ, ತೀರ್ಪು ಅದರದ್ದಲ್ಲ. ನಾನು ಅದಕ್ಕೆ ಈಗ ಹಾರ ಹಾಕುವುದಿಲ್ಲ. ದಿನಾ ಧೂಳು ಒರೆಸುತ್ತೇನೆ, ಸಾಕು.

ಮಂಗಳ ಹನ್ನೊಂದನೆಯ ದಿನ ಒಮ್ಮೆ ಮನೆಗೆ ಹೋಗುತ್ತೇನೆಂದು ಹಟ ಹಿಡಿದಳಂತೆ. ಅವಳೇ ಹೇಳಿದ್ದಂತೆ ಒಂದು ದಿನ ಕಾದರು, ಬೆಳಿಗ್ಗೆ ಕಾಫಿ ಕೊಟ್ಟು ಕೇಳಿದರು. ಬೇಡ, ಇನ್ನೂ ಇರುತ್ತೇನೆ ಎಂದಳಂತೆ. ಹದಿನೆಂಟನೆಯ ದಿನ ನಾನು ನೋಡಲು ಹೋದಾಗ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಅಡಿಗೆಯವರ ಮೇಲೆ ಸಿಡಿಮಿಡಿ ಮಾಡುತ್ತಿದ್ದಳು. ನಾನು ಕಾರಿಡಾರಿಗೆ ಬಂದು ಒಬ್ಬನೇ ನಕ್ಕೆ, ಯಾರೂ ಇಲ್ಲದ್ದು ನೋಡಿ ಸ್ವಲ್ಪ ಅತ್ತೆ.

ಇಪ್ಪತ್ತನಾಲ್ಕನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅವಳು ಚೀಲ ಹಿಡಿದು ಕೌಂಟರಿನ ಮುಂದೆ ಬಂದು ನಿಂತಳು. ಬಿಡುಗಡೆಯ ಫಾರಂ ಮೇಜಿನ ಮೇಲಿತ್ತು. ಕನ್ನಡಕ ಏರಿಸಿ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಆಮೇಲೆ ನನ್ನ ಕಡೆ ನೋಡದೆಯೇ ಕೈ ಚಾಚಿದಳು, ನಾನು ಪೆನ್ನು ಕೊಟ್ಟೆ.